ಟೇಬಲ್ ಬಿಟ್ಟು ಏಳದವಳಿಗೆ

ಡ್ರ್ಯಾಗನ್ ಸತ್ತಿತು. ಇದನ್ನು ನಾಲ್ಕು ದಿನದ ಹಿಂದೆಯೇ ಬರೆಯಬೇಕಿತ್ತು. ಆವತ್ತು ರಾತ್ರಿ ನೀವೆಲ್ಲ ಕೂಗಾಡುತ್ತಾ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾಗ ನಾನು ಸುಮ್ನೆ ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಾ ನಿಂತಿದ್ದೆ, ಅದು ನಿಮಗೆ ವಿಚಿತ್ರ ಅನಿಸಿರಬಹುದು. ಬಾಯಿ ತೆರೆದರೆ ಅಳು ಬರುತ್ತಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೂರು ವರ್ಷದ ಕಥೆಯನ್ನು ಮತ್ತೆ ಹೇಳುವುದಿಲ್ಲ. ಆ ಬೆಟ್ಟವನ್ನು ಯಾಕೆ ಹತ್ತಿದೆವು, ಯಾರ ಮಾತು ನಂಬಿ ಮೋಸ ಹೋದೆವು, ಎಲ್ಲ ನಿಮಗೆ ಗೊತ್ತು. ಆಟ ಗೊತ್ತಿಲ್ಲದ ಸ್ನೇಹಿತರಿಗೆ ಇಷ್ಟು ಸಾಕು. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2014ರ ಐದನೇ ಎಡಿಷನ್, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಕಥೆ ನಡೆಸುವ, ಶತ್ರುಗಳನ್ನು ಆಡಿಸುವ ಡಿಎಂ ಬಿಟ್ಟು ನಾವು ಐದು ಜನ, ಎಲ್ಲರೂ 9ನೇ ಲೆವೆಲ್. ಎದುರಿಗಿದ್ದದ್ದು ಪ್ರಾಯಕ್ಕೆ ಬಂದ ಕೆಂಪು ಡ್ರ್ಯಾಗನ್, ಚಾಲೆಂಜ್ ರೇಟಿಂಗ್, ಅಂದರೆ ಶತ್ರು ಎಷ್ಟು ಕಠಿಣ ಅನ್ನುವ ಅಂಕಿ, 17. ಅದು ಒಂದು ಸಲ ಬೆಂಕಿ ಉಗುಳಿದರೆ 18 ದಾಳ ಉರುಳುತ್ತವೆ, ಸರಾಸರಿ 63 ಡ್ಯಾಮೇಜ್. ನನ್ನ ಪಾತ್ರ ವಿಝಾರ್ಡ್, ಅಂದರೆ ಮಂತ್ರವಾದಿ. ಅದಕ್ಕೆ ಇರುವುದೇ 56 ಹಿಟ್ ಪಾಯಿಂಟ್, ಅದು ಸೊನ್ನೆಯಾದರೆ ಪ್ರಜ್ಞೆ ತಪ್ಪಿ ಬಿದ್ದ ಹಾಗೆ. ನಿಯಮದ ಪುಸ್ತಕದಲ್ಲಿ 'ಡೆಡ್ಲಿ', ಅಂದರೆ ಪ್ರಾಣಕ್ಕೇ ಅಪಾಯ, ಅಂತ ಒಂದು ಗೆರೆ ಇದೆ, ಅಲ್ವಾ? ನಮ್ಮ ಲೆವೆಲ್‌ನ ಐದು ಜನಕ್ಕೆ ಅದು 12,000 ಎಕ್ಸ್‌ಪಿ, ಅಂದರೆ ಅನುಭವದ ಅಂಕ. ಈ ಡ್ರ್ಯಾಗನ್ 18,000. ನಾವು ಅಲ್ಲಿ ಇರಬಾರದಿತ್ತು. ಓಡಿ ಹೋಗಲು ದಾರಿ ಇದ್ದಾಗ ಓಡಲಿಲ್ಲ, ಆಮೇಲೆ ದಾರಿ ಇರಲಿಲ್ಲ.

ಹೀಲಿಂಗ್ ವರ್ಡ್ ಅನ್ನುವ ಗುಣಪಡಿಸುವ ಮಂತ್ರ ಹಾಕಿ ನನ್ನನ್ನು ಎರಡು ಸಲ ಎಬ್ಬಿಸಿದ ನಮ್ಮ ಪುರೋಹಿತ ಕ್ಲೆರಿಕ್‌ಗೆ, ಕೊನೆಯವರೆಗೂ ಧೈರ್ಯ ಬಿಡದ, ಹಾಡುಗಾರಿಕೆಯ ಬಾರ್ಡ್‌ಗೆ, ಎಲ್ಲರೂ ಹಿಂದೆ ಸರಿದಾಗ ಮುಂದೆ ಓಡಿದ, ಮರೆಯಿಂದ ಹೊಡೆಯುವ ರೋಗ್‌ಗೆ, ದಾಳ ಮರೆಮಾಡುವ ತಮ್ಮ ಪರದೆ ಮಡಚಿಟ್ಟು ಪ್ರತಿಯೊಂದು ದಾಳವನ್ನೂ ನಮ್ಮ ಕಣ್ಣೆದುರೇ ಉರುಳಿಸಿದ ಡಿಎಂಗೆ, ತುಂಬಾ ತುಂಬಾ ಥ್ಯಾಂಕ್ಸ್. ನಿಮ್ಮಲ್ಲಿ ಒಬ್ಬರು ಇಲ್ಲದಿದ್ದರೂ ಇದು ಆಗುತ್ತಿರಲಿಲ್ಲ.

ಉಳಿದದ್ದೆಲ್ಲ ನಮ್ಮ ಫೈಟರ್, ಅಂದರೆ ಯೋಧೆಯ ಪಾತ್ರ, ಆಡಿದವಳ ಬಗ್ಗೆ. ನೀವು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಗೊತ್ತು.

ಮೊದಲ ರೌಂಡಿನಲ್ಲೇ ಬೆಂಕಿ ಬಿತ್ತು. ನಾನು ನೇರವಾಗಿ ಸೊನ್ನೆಗೆ ಇಳಿದೆ. ಅವಳ ಹತ್ತಿರ 22 ಹಿಟ್ ಪಾಯಿಂಟ್ ಉಳಿದಿತ್ತು. ಬೇರೆ ಯಾರೇ ಆಗಿದ್ದರೂ ಬಂಡೆಯ ಹಿಂದೆ ಓಡುತ್ತಿದ್ದರು. ಅವಳು ಬಂದು ನನ್ನ ವಿಝಾರ್ಡ್ ಬಿದ್ದ ಜಾಗದಲ್ಲಿ, ಡ್ರ್ಯಾಗನ್‌ಗೂ ನನಗೂ ನಡುವೆ, ಕಾಲೂರಿ ನಿಂತಳು. ಎರಡನೇ ರೌಂಡಿನಲ್ಲಿ ಅದು ಅವಳನ್ನು ಕಚ್ಚಿತು. ಬಿದ್ದಳು. ಇನ್ನೂ ಎರಡು ಪಂಜದ ಏಟು ಬಾಕಿ ಇತ್ತು. ಪ್ರಜ್ಞೆ ಇಲ್ಲದೆ ಬಿದ್ದವರಿಗೆ ಹತ್ತಿರದಿಂದ ಏಟು ತಾಗಿದರೆ ಅದು ಕ್ರಿಟಿಕಲ್, ಅಂದರೆ ಭಾರೀ ಏಟು, ಒಂದೊಂದು ಏಟಿಗೂ ಎರಡೆರಡು ಡೆತ್ ಸೇವ್, ಅಂದರೆ ಸಾವಿನಿಂದ ತಪ್ಪಿಸಿಕೊಳ್ಳುವ ದಾಳ, ಹೋಗುತ್ತದೆ. ಮೂರು ಹೋದರೆ ಸಾವು. ಡಿಎಂ ಒಂದು ಕ್ಷಣ ದಾಳ ಹಿಡಿದುಕೊಂಡು ಅವಳ ಮುಖ ನೋಡಿದರು. "ಡ್ರ್ಯಾಗನ್ ಏನು ಮಾಡುತ್ತೋ ಅದನ್ನೇ ಮಾಡಿ" ಅಂದಳು. ಎರಡೂ ತಾಗಿದವು.

ಸತ್ತವರನ್ನು ರಿವಿವಿಫೈ ಅನ್ನುವ ಮಂತ್ರ ಹಾಕಿ ಎಬ್ಬಿಸಲು 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ನಮ್ಮ ಹತ್ತಿರ ಇದ್ದದ್ದು ಒಂದೇ ವಜ್ರ. ಅದು ಹಿಂದಿನ ವಾರ ನನ್ನನ್ನು ಎಬ್ಬಿಸಲು ಖರ್ಚಾಗಿತ್ತು. ಆಗ ಅದನ್ನು ಬಳಸೋಣ ಅಂತ ಹಟ ಹಿಡಿದವಳು ಅವಳೇ.

ಇಡೀ ಕಾಳಗ ನಡೆದದ್ದು ಆರು ರೌಂಡ್. ಒಂದು ರೌಂಡ್ ಅಂದರೆ 6 ಸೆಕೆಂಡ್, ಅಂದರೆ ಕಥೆಯೊಳಗೆ ಬರೀ 36 ಸೆಕೆಂಡ್. ಟೇಬಲ್ ಸುತ್ತ ಕೂತ ನಮಗೆ ಅದು ಹತ್ತಿರ ಹತ್ತಿರ ನಾಲ್ಕು ಗಂಟೆ. ಅವಳು ಸತ್ತದ್ದು ಮೊದಲ ಗಂಟೆ ಮುಗಿಯುವ ಮುಂಚೆ. ಅಲ್ಲಿಂದ ಮುಂದೆ ಅವಳಿಗೆ ಸರದಿ ಇಲ್ಲ, ದಾಳ ಇಲ್ಲ, ಮಾಡಲು ಕೆಲಸವೇ ಇಲ್ಲ. ಬೆಳಿಗ್ಗೆ ಬೇಗ ಏಳಬೇಕು ಅಂತ ಮೊದಲೇ ಹೇಳಿದ್ದಳು. ಎದ್ದು ಹೋಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವಳು ತನ್ನ ಕ್ಯಾರೆಕ್ಟರ್ ಶೀಟನ್ನು ಮಗುಚಿ, ಅದರ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ನಮ್ಮೆಲ್ಲರ ಹೆಸರು ಬರೆದು, ಲೆಕ್ಕ ಇಡಲು ಶುರು ಮಾಡಿದಳು. ಇನಿಶಿಯೇಟಿವ್‌ನಲ್ಲಿ, ಅಂದರೆ ಸರದಿಯ ಸಾಲಿನಲ್ಲಿ, ಯಾರ ನಂತರ ಯಾರು. ಡ್ರ್ಯಾಗನ್‌ಗೆ ಇಲ್ಲಿಯವರೆಗೆ ಎಷ್ಟು ಡ್ಯಾಮೇಜ್ ಆಗಿದೆ. ಬೆಂಕಿ ಮತ್ತೆ ರೀಚಾರ್ಜ್ ಆಯಿತಾ ಇಲ್ಲವಾ. ಪಕ್ಕದಲ್ಲಿ ಮೂರು ಚಿಕ್ಕ ಚೌಕ.

ಆ ಮೂರು ಚೌಕದಿಂದಲೇ ನಾವು ಗೆದ್ದದ್ದು.

ಅಂಥ ಡ್ರ್ಯಾಗನ್‌ಗೆ ಲೆಜೆಂಡರಿ ರೆಸಿಸ್ಟೆನ್ಸ್ ಅಂತ ಇರುತ್ತದೆ. ನಮ್ಮ ಮಂತ್ರದ ಎದುರು ಅದರ ಸೇವಿಂಗ್ ಥ್ರೋ, ಅಂದರೆ ತಪ್ಪಿಸಿಕೊಳ್ಳಲು ಉರುಳಿಸುವ ದಾಳ, ಸೋತರೂ, ಸೋಲಲಿಲ್ಲ ಅಂತ ಹೇಳಿಬಿಡಬಹುದು. ದಿನಕ್ಕೆ ಮೂರೇ ಸಲ, ಒಂದೊಂದಕ್ಕೆ ಒಂದು ಚೌಕ. ನನ್ನ ಹತ್ತಿರ ಇದ್ದದ್ದು ಒಂದೇ ಒಂದು 5ನೇ ಲೆವೆಲ್ ಸ್ಲಾಟ್, ಅಂದರೆ ಅಷ್ಟು ದೊಡ್ಡ ಮಂತ್ರ ಒಂದೇ ಸಲ, ಅದಕ್ಕೆ ಶತ್ರುವನ್ನು ಅಲುಗಾಡದಂತೆ ಮಾಡುವ ಹೋಲ್ಡ್ ಮಾನ್ಸ್ಟರ್. ಮೂರನೇ ರೌಂಡಿನಲ್ಲಿ, ಅವಳು ಸತ್ತ ಸಿಟ್ಟಿನಲ್ಲಿ, ನಾನು ಅದನ್ನೇ ಹಾಕಲು ಹೊರಟಿದ್ದೆ. "ಈಗ ಬೇಡ ಕಣೋ, ಇನ್ನೂ ಎರಡಿದೆ" ಅಂದಳು. ಮೊದಲ ಚೌಕ ಆಗಲೇ ತುಂಬಿತ್ತು, ಬಾರ್ಡ್ ಹಾಕಿದ ಹಿಡಿಯಸ್ ಲಾಫ್ಟರ್‌ಗೆ, ಅದೂ ಬರೀ 1ನೇ ಲೆವೆಲ್ ಮಂತ್ರ. ನಾನು ಸ್ಲೋ ಅನ್ನುವ ಮಂತ್ರ ಹಾಕಿದೆ, ಎರಡನೆಯದು ತುಂಬಿತು. ನಾಲ್ಕನೇ ರೌಂಡಿನಲ್ಲಿ ಮತ್ತೆ ಬೆಂಕಿ ಬಂತು, ಕ್ಲೆರಿಕ್ ಬಿದ್ದ, ನಾನೂ ಬಿದ್ದೆ. ಕ್ಲೆರಿಕ್ ತನ್ನ ಡೆತ್ ಸೇವ್‌ನಲ್ಲಿ 20 ಉರುಳಿಸಿ ಎದ್ದು ಕೂತ, ನಂತರ ನನ್ನನ್ನೂ ಎಬ್ಬಿಸಿದ. ಐದರಲ್ಲಿ ಬಾರ್ಡ್‌ನ ಹಿಪ್ನಾಟಿಕ್ ಪ್ಯಾಟರ್ನ್ ಮಂತ್ರ. ಮೂರನೇ ಚೌಕ. ಅವಳು ಆ ಚೌಕವನ್ನು ಗಟ್ಟಿಯಾಗಿ, ಕಾಗದ ಹರಿಯುವ ಹಾಗೆ ತುಂಬಿದಳು.

ಕೆಲವು ಟೇಬಲ್‌ಗಳಲ್ಲಿ ಸತ್ತವರು ಮಾತಾಡಬಾರದು ಅನ್ನುವ ನಿಯಮ ಇದೆ. ನಮ್ಮ ಡಿಎಂ ಅದನ್ನು ತರಲಿಲ್ಲ. ಅದಕ್ಕೂ ಬೇರೆಯೇ ಒಂದು ಥ್ಯಾಂಕ್ಸ್.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಅಪ್ಪನ ವಿಷಯ ನಿಮಗೆಲ್ಲ ಗೊತ್ತು, ಅದನ್ನು ಬರೆಯುವುದಿಲ್ಲ. ಆ ಕೊನೆಯ ರಾತ್ರಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವಳೂ ಇವಳೇ. ಆವತ್ತೂ ಮಾಡಲು ಏನೂ ಉಳಿದಿರಲಿಲ್ಲ. ಡಾಕ್ಟರ್ ಬಂದು ಏನೋ ಹೇಳಿ ಹೋಗುತ್ತಿದ್ದರು, ನನ್ನ ಕಿವಿಗೆ ಏನೂ ಬೀಳುತ್ತಿರಲಿಲ್ಲ, ಅವಳು ಪ್ರತಿಯೊಂದನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು, ಎಷ್ಟು ಗಂಟೆಗೆ ಬಂದರು, ಏನು ಕೊಟ್ಟರು, ಮತ್ತೆ ಯಾವಾಗ ಬರುತ್ತಾರೆ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಬೆಳಗಾಗುವವರೆಗೂ ಕೂತಿದ್ದಳು. ಆ ಚೀಟಿ ಇವತ್ತಿಗೂ ನನ್ನ ಹತ್ತಿರ ಇದೆ, ತೆಗೆದು ನೋಡಲು ಆಗುವುದಿಲ್ಲ, ಬಿಸಾಡಲೂ ಆಗುವುದಿಲ್ಲ. ಆಟಕ್ಕೂ ಆ ರಾತ್ರಿಗೂ ಹೋಲಿಕೆ ಸಲ್ಲದು ಅಂತ ಗೊತ್ತು. ಆದರೆ ಮೊನ್ನೆ ಅವಳ ಬಗ್ಗಿದ ತಲೆ, ಕೈಯಲ್ಲಿದ್ದ ಪೆನ್ಸಿಲ್ ನೋಡಿದ ಕೂಡಲೇ ಎದೆ ಹಿಂಡಿದ ಹಾಗಾಯಿತು. ನೀರು ಕುಡಿದು ಬರುತ್ತೇನೆ ಅಂತ ನಾನು ಎದ್ದು ಹೋದದ್ದು ಆಗಲೇ.

ವಾಪಸ್ ಬಂದು ಕೂತಾಗ ಆರನೇ ರೌಂಡ್, ನನ್ನ ಸರದಿ. ಡ್ರ್ಯಾಗನ್ 40 ಅಡಿ ಮೇಲೆ ಹಾರುತ್ತಿತ್ತು. ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. "ಮೂರೂ ಮುಗಿದಿದೆ. ನಿನ್ನ ನಂತರ ರೋಗ್, ಅವನ ನಂತರ ಡ್ರ್ಯಾಗನ್. ಈಗ ಹಾಕು."

ನನ್ನ ಸ್ಪೆಲ್ ಸೇವ್ ಡಿಸಿ, ಅಂದರೆ ನನ್ನ ಮಂತ್ರದಿಂದ ತಪ್ಪಿಸಿಕೊಳ್ಳಲು ಮುಟ್ಟಬೇಕಾದ ಅಂಕಿ, 17. ಇದಕ್ಕೆ ಉರುಳಿಸಬೇಕಾದ ವಿಸ್ಡಮ್ ಸೇವ್‌ನಲ್ಲಿ ಡ್ರ್ಯಾಗನ್‌ನ ದಾಳಕ್ಕೆ 7 ಸೇರುತ್ತದೆ. ಅಂದರೆ 10 ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಅದು ಬಚಾವ್, ನಾವು ಮುಗಿದ ಹಾಗೆ. ದಾಳದ ಇಪ್ಪತ್ತು ಮುಖದಲ್ಲಿ ಹನ್ನೊಂದು ಅದರ ಕಡೆ, ಒಂಬತ್ತು ನಮ್ಮ ಕಡೆ. ಡಿಎಂ ಉರುಳಿಸಿದರು. 6.

ಯಾರೂ ಉಸಿರಾಡಲಿಲ್ಲ. ರೆಕ್ಕೆ ನಿಂತಿತು, ಡ್ರ್ಯಾಗನ್ ಕೆಳಗೆ ಬಿತ್ತು, ಬಿದ್ದ ಏಟಿಗೆ 14. ಅವಳು ಬರೆದುಕೊಂಡಳು, ಒಟ್ಟು 214. ಅಲುಗಾಡಲಾಗದೆ ಬಿದ್ದ ಶತ್ರುವಿಗೆ ಪಕ್ಕದಿಂದ ಹೊಡೆದದ್ದು ತಾಗಿದರೆ ಸಾಕು, ತಾನಾಗಿಯೇ ಕ್ರಿಟಿಕಲ್. ಕ್ರಿಟಿಕಲ್ ಆದರೆ ಡ್ಯಾಮೇಜ್ ದಾಳ ಎರಡರಷ್ಟು, ಹಾಗಾಗಿ ರೋಗ್‌ನ ಸ್ನೀಕ್ ಅಟ್ಯಾಕ್‌ನ ಐದು ದಾಳ ಹತ್ತಾದವು. ಅವನ ಒಂದು ಕೈಯಲ್ಲಿ ಅಷ್ಟೂ ದಾಳ ಹಿಡಿಸಲಿಲ್ಲ, ಎರಡೂ ಕೈ ಜೋಡಿಸಿ ಉರುಳಿಸಿದ. ಕೂಡಿಸಿದ್ದು ಅವಳೇ, ಬೆರಳಿಟ್ಟು, ಎರಡು ಸಲ. 47. ಹಾಳೆಯ ಕೊನೆಯ ಸಾಲಿನಲ್ಲಿ 261. ಡಿಎಂ ತಮ್ಮ ಪುಸ್ತಕ ತಿರುಗಿಸಿ ತೋರಿಸಿದರು. ಡ್ರ್ಯಾಗನ್‌ಗೆ ಇದ್ದದ್ದು 256.

ಇನ್ನು ನಿನಗೆ ನೇರವಾಗಿಯೇ ಹೇಳುತ್ತೇನೆ. ಆವತ್ತು ಎಲ್ಲರಿಗಿಂತ ಜೋರಾಗಿ ಕೂಗಿದ್ದು ನೀನು. ಆ ಗೆಲುವಿನಲ್ಲಿ ನಿನ್ನ ಫೈಟರ್ ನೆಲದ ಮೇಲೆ ಬಿದ್ದಿದ್ದಳು, ನೀನು ಮಾತ್ರ ಕುರ್ಚಿ ಮೇಲೆ ಹತ್ತಿ ನಿಂತಿದ್ದೆ. ಮನೆಗೆ ಹೊರಡುವಾಗ "ಹೊಸ ಕ್ಯಾರೆಕ್ಟರ್ ಮಾಡ್ತೀನಿ ಬಿಡು" ಅಂತ ಅಷ್ಟು ಸುಲಭವಾಗಿ ಅಂದುಬಿಟ್ಟೆ. ಮಾಡಬೇಡ. ಇನ್ನೂ ಮಾಡಬೇಡ. ಕ್ಲೆರಿಕ್‌ಗೆ ಈಗ ಸತ್ತವರನ್ನು ಬದುಕಿಸುವ ರೇಯ್ಸ್ ಡೆಡ್ ಮಂತ್ರ ಬರುತ್ತದೆ, ಸತ್ತು ಹತ್ತು ದಿನದೊಳಗೆ ಹಾಕಿದರೆ ಸಾಕು, ಬೇಕಾದದ್ದು 500 ಚಿನ್ನದ ನಾಣ್ಯದ ಒಂದು ವಜ್ರ. ನಮ್ಮ ಮುಂದೆ ಒಂದು ಡ್ರ್ಯಾಗನ್ ಕೂಡಿಟ್ಟ ನಿಧಿ ಬಿದ್ದಿದೆ. ನಾವು ನಾಲ್ಕೂ ಜನ ಮಾತಾಡಿಕೊಂಡಿದ್ದೇವೆ, ಚಿನ್ನ, ಕತ್ತಿ, ಮಂತ್ರದ ಪುಸ್ತಕ ಯಾವುದನ್ನೂ ಮುಟ್ಟುವ ಮೊದಲು ವಜ್ರ ಹುಡುಕುತ್ತೇವೆ. ಸಿಗದಿದ್ದರೆ ಬೆಟ್ಟ ಇಳಿದು ಕೊಂಡು ತರುತ್ತೇವೆ.

ನಿನ್ನ ಕ್ಯಾರೆಕ್ಟರ್ ಶೀಟ್ ಟೇಬಲ್ ಮೇಲೇ ಬಿಟ್ಟು ಹೋಗಿದ್ದೆ. ನನ್ನ ಹತ್ತಿರ ಇದೆ. ಹಿಂಬದಿಯನ್ನು ಅಳಿಸಿಲ್ಲ. ಶನಿವಾರ ತರುತ್ತೇನೆ, ನೀನು ಬಾ.