ಇನ್ನು ಬ್ರಾಸ್ ಇಲ್ಲ, ಟನ್: ನಮ್ಮ ಗ್ರಾಹಕರಿಗೆ ಪತ್ರ

ಗುತ್ತಿಗೆದಾರರಿಗೆ, ಸ್ವಂತ ಮನೆ ಕಟ್ಟಿಸುತ್ತಿರುವವರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ವಾಘೋಲಿಯ ನಮ್ಮ ಕ್ರಷರ್‌ನಲ್ಲಿ ಖಡಿ (ಜಲ್ಲಿಕಲ್ಲು), ಕ್ರಶ್ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಎರಡೂ ಬ್ರಾಸ್ ಬದಲು, ಅಂದರೆ ಘನ ಅಡಿಯ ಅಳತೆ ಬಿಟ್ಟು, ಟನ್ ತೂಕದ ಲೆಕ್ಕದಲ್ಲಿ ಸಿಗುತ್ತವೆ. "ದರ ಏರಿಸಾಕ ಹೊಸ ದಾರಿ ಹುಡಿಕೀರಿ ಬಿಡ್ರಿ" ಎಂದು ಹಳೇ ಗಿರಾಕಿಯೊಬ್ಬರು ನಕ್ಕರು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ.

ಕಾರಣ ಹೊಸ ಮಷೀನು. ಇಷ್ಟು ದಿನ ಕರಿಕಲ್ಲು ಮೊದಲು ಜಾ ಕ್ರಷರಿನ ದವಡೆಗೆ, ಆಮೇಲೆ ಇನ್ನೂ ಸಣ್ಣದಾಗಿ ಒಡೆಯುವ ಕೋನ್ ಕ್ರಷರ್‌ಗೆ ಬಿದ್ದು, ಅಲುಗುವ ಜಾಳಿಗಳ ಮೇಲೆ ಹರಿಯುತ್ತಿತ್ತು. ಮೇಲಿನ ಜಾಳಿಯಲ್ಲಿ ಉಳಿದದ್ದು ಮತ್ತೆ ಕೋನ್‌ಗೆ. ಕೆಳಗೆ 20 ಎಂಎಂ, 10 ಎಂಎಂ, ಕೊನೆಗೆ ಪುಡಿ. ಆದರೆ ಜಾಳಿಯ ಕಣ್ಣಿಗೆ ಅಗಲವಷ್ಟೇ ಗೊತ್ತು, ದಪ್ಪ ಗೊತ್ತಿಲ್ಲ. ಚಕ್ಕೆಯಂಥ ಕಲ್ಲೂ 20ರ ರಾಶಿಗೇ ಬೀಳುತ್ತಿತ್ತು. ಕಾಂಕ್ರೀಟಿನ ಖಡಿ-ಮರಳಿಗೆ ಇರುವ ಭಾರತೀಯ ಮಾನಕ ಐಎಸ್ 383 (2016) ಚಪ್ಪಟೆ, ಉದ್ದ ಚೂರು ಎರಡೂ ಸೇರಿ 40%ವರೆಗೆ ಒಪ್ಪುತ್ತದೆ. ನಾವು ಅದರೊಳಗೇ ಇದ್ದೆವು. ಆದರೂ ಸ್ಲ್ಯಾಬಿನ ಕಂಬಿ ಸಂದಿನಲ್ಲಿ ಚಕ್ಕೆ ಸಿಕ್ಕಿಕೊಂಡಾಗ ಬೈಸಿಕೊಂಡದ್ದು ನಾವೇ. ಈಗ ಕೋನ್ ಆದ ಮೇಲೆ ವಿಎಸ್‌ಐ (ವರ್ಟಿಕಲ್ ಶಾಫ್ಟ್ ಇಂಪ್ಯಾಕ್ಟರ್) ಎಂಬ ಮಷೀನು ಕೂತಿದೆ. ಅದರ ರೋಟರ್ ಕಲ್ಲನ್ನು ಕಲ್ಲಿಗೇ ಬೀಸಿ ಹೊಡೆಯುತ್ತದೆ. ಚಕ್ಕೆ ಮುರಿದು, ಅಂಚು ಸವೆದು, ಖಡಿ ಪಗಡೆಯ ದಾಳದ ಹಾಗೆ ಹೊರಬೀಳುತ್ತದೆ.

ಇಂಥ ಖಡಿ ಒತ್ತೊತ್ತಾಗಿ ಕೂರುತ್ತದೆ. ಸಂದು ಕಡಿಮೆ, ಅದನ್ನು ತುಂಬುವ ಮರಳು-ಸಿಮೆಂಟೂ ಕಡಿಮೆ. ಆದರೆ 100 ಘನ ಅಡಿಯ ಅದೇ ಬ್ರಾಸ್‌ನಲ್ಲಿ ಹೆಚ್ಚು ಕಲ್ಲು ಹೋಗುತ್ತದೆ. ಹಳೇ ಅಳತೆಯಲ್ಲಿ ಕೊಟ್ಟರೆ ನಮಗೆ ನಷ್ಟ, ಮುಚ್ಚಿಡುವುದೇನು.

ನಿಮಗೂ ತಕರಾರು ತಪ್ಪಿರಲಿಲ್ಲ. ಹಡಪಸರದ ಸೈಟಿನಿಂದ ಒಬ್ಬರು ಡಂಪರಿನೊಳಗೆ ಟೇಪು ಹಿಡಿದುಕೊಂಡೇ ಫೋನ್ ಮಾಡಿದ್ದರು: "ಏನ್ರೀ, ನಾಕ್ ಬೆರಳು ಕಮ್ಮಿ ಐತಲ್ಲ!" ಕದ್ದವರು ಯಾರೂ ಇಲ್ಲ, ರಸ್ತೆಯ ಗುಂಡಿಗಳಲ್ಲಿ ಕುಣಿದು ಖಡಿ ಇಳಿದಿತ್ತು. ಕ್ರಶ್ ಸ್ಯಾಂಡಿನದು ತದ್ವಿರುದ್ಧ: ಸ್ವಲ್ಪ ತೇವವಾದರೆ ಕಾಲು ಭಾಗದಷ್ಟು ಉಬ್ಬಬಹುದು. ಬ್ರಾಸ್ ಲೆಕ್ಕದಲ್ಲಿ ಆ ಉಬ್ಬಿಗೂ ನೀವು ದುಡ್ಡು ಕೊಟ್ಟಿದ್ದೀರಿ.

ಕಾಟಾದ (ಗಾಡಿ ತೂಗುವ ಯಂತ್ರದ) ಮೇಲೆ ನೀರೂ ತೂಗುತ್ತದಲ್ಲ ಎಂದು ನೀವು ಕೇಳಿಯೇ ಕೇಳುತ್ತೀರಿ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ರಾಶಿಯಿಂದ ಒಂದಿಷ್ಟು ಸ್ಯಾಂಡ್ ತೂಗಿ, ಬಾಣಲೆಯಲ್ಲಿ ಹುರಿದು, ಮತ್ತೆ ತೂಗುತ್ತೇವೆ. ಎಷ್ಟು ನೀರು ಹೋಯಿತೋ ಅಷ್ಟು ಬಿಲ್ಲಿನಲ್ಲಿ ವಜಾ. ಬೇಕಿದ್ದರೆ ಬಂದು ಬಾಣಲೆ ಮುಂದೆ ನಿಂತು ನೋಡಿ, ಚಹಾ ನಮ್ಮದು.

ಅಂದಾಜಿಗೆ 20 ಎಂಎಂ ಒಂದು ಬ್ರಾಸ್ ಎಂದರೆ 4ರಿಂದ 4.5 ಟನ್. ಖಾಲಿ ಗಾಡಿ, ತುಂಬಿದ ಗಾಡಿ ಎರಡರ ತೂಕವೂ ಇರುವ ಕಾಟಾ ಚೀಟಿಯನ್ನು ಡ್ರೈವರ್ ಕೈಯಿಂದ ಕೇಳಿ ಪಡೆದೇ ಮಾಲು ಇಳಿಸಿಕೊಳ್ಳಿ. ಈಗಾಗಲೇ ಮುಂಗಡ ಕೊಟ್ಟವರಿಗೆ ಆ ಮಾಲು ಮುಗಿಯುವವರೆಗೆ ಬ್ರಾಸ್ ಲೆಕ್ಕವೇ ನಡೆಯುತ್ತದೆ.

ಇಂತಿ,
ಕ್ರಷರ್ ಕಚೇರಿ, ವಾಘೋಲಿ, ಪುಣೆ