ಎಮ್ಲಿ ಮೂರ್ ಫೋಟೋ ಹಾಕೋರಿಗೆ

ಎಲ್ರಿಗೂ ನಮಸ್ಕಾರ, ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯ ಎಮ್ಲಿ ಮೂರ್ ಟಿವಿ ಮಾಸ್ಟ್ (ಟಿವಿ ಪ್ರಸಾರದ ಎತ್ತರದ ಕಂಬ) ಫೋಟೋ ಹಾಕೋರು ಯಾವ ಕಾಲದ್ದು ಅಂತ ನೋಡ್ಕೊಂಡು ಹಾಕಿ, ಯಾಕಂದ್ರೆ ಅಲ್ಲಿ ಒಂದಾದ್ಮೇಲೆ ಒಂದು ಮೂರು ಬಂದಿದಾವೆ. 1956ರದ್ದು ಕಬ್ಬಿಣದ ಜಾಲರಿ, ಚಿಕ್ಕದು. ಎರಡನೇದು 385 ಮೀಟರಿನ ಉಕ್ಕಿನ ಕೊಳವೆ, ಸುತ್ತ ತಂತಿಹಗ್ಗ ಬಿಗಿದು ನಿಲ್ಲಿಸಿದ್ದು, ಅದೇ 1969 ಮಾರ್ಚ್ 19ರ ಸಂಜೆ 5ರ ಹೊತ್ತಿಗೆ ಬಿದ್ದೋಯ್ತು. ಬರೀ ಐಸ್ ಭಾರಕ್ಕೆ ಬಿತ್ತು ಅಂತ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ. ತಂತಿ ಮೇಲೆ ಮಂಜುಗಡ್ಡೆ ಕಟ್ಟಿದ್ದು ನಿಜ, ಆದ್ರೆ ಅಷ್ಟೇನೂ ಜೋರಿಲ್ಲದ ಗಾಳಿನೇ ಆ ದುಂಡನೆ ಕೊಳವೆಯ ಎರಡೂ ಪಕ್ಕ ಸುಳಿ ಎಬ್ಬಿಸಿ ಅದನ್ನ ತೂಗಾಡಿಸ್ತಿತ್ತು, ಎರಡೂ ಸೇರಿ ಆಗಿದ್ದು ಅಂತ ತನಿಖೆಲಿ ಬಂತು. ಒಂದು ತಂತಿ ಹತ್ತಿರದ ಚರ್ಚಿನ ಛಾವಣಿನೇ ಸೀಳ್ಹಾಕ್ತು, ಪುಣ್ಯಕ್ಕೆ ಯಾರಿಗೂ ಏನೂ ಆಗ್ಲಿಲ್ಲ. ಲಕ್ಷಗಟ್ಲೆ ಜನರ ಟಿವಿ ಬಂದ್, ಆದ್ರೂ ಕೆಲವೇ ದಿನದಲ್ಲಿ ತಾತ್ಕಾಲಿಕ ಕಂಬ ಎಬ್ಬಿಸಿದ್ರು, ಭಲೇ ಕೆಲಸ ಅದು. ಈಗಿರೋ ಕಾಂಕ್ರೀಟ್ ಟವರ್ 1971ರದ್ದು, ಕಟ್ಟಿದಾಗ ಸುಮಾರು 330 ಮೀಟರ್ ಇತ್ತು, ತಂತಿಗಿಂತಿ ಏನಿಲ್ಲ, 2002ರಿಂದ ಸಂರಕ್ಷಿತ ಕಟ್ಟಡ. ಪಕ್ಕದಲ್ಲಿ ಇನ್ನೊಂದು ತೆಳ್ಳನೆ ಕಂಬ ಕಂಡ್ರೆ ಅದು 2018ರಲ್ಲಿ ರಿಪೇರಿ ಟೈಮಿಗೆ ಅಂತ ಎಬ್ಬಿಸಿದ್ದು, ಹಳೇದಲ್ಲ.