ಸುಧಾ ನಾಟಕ ಆಡುತ್ತಿಲ್ಲ ಅಮ್ಮ

ಎಡಿನ್‌ಬರ್ಗ್
ಜೂನ್ 14

ಅಮ್ಮನಿಗೆ ನಮಸ್ಕಾರ, ಅಪ್ಪನಿಗೂ ಹೇಳು. ಇಲ್ಲಿ ಎಲ್ಲ ಕ್ಷೇಮ. ಪುಟ್ಟಿಯ ಕೆಮ್ಮು ವಾಸಿಯಾಯಿತು.

ನಿನ್ನ ಕಾಗದ ಓದಿದ ಮೇಲೆ ಕೆಲಸದಲ್ಲಿ ಮನಸ್ಸೇ ನಿಲ್ಲುತ್ತಿಲ್ಲ. ಸುಧಾ ಅಡುಗೆಮನೆಯಲ್ಲಿ ಮತ್ತೆ ಬಿದ್ದಳು, ಕಣ್ಣು ಬಿಗಿಯಾಗಿ ಮುಚ್ಚಿತ್ತು, ತಲೆ ಆ ಕಡೆ ಈ ಕಡೆ ಆಡುತ್ತಿತ್ತು, ಕಾಲು ಗಂಟೆಯಾದರೂ ಬಿಡಲಿಲ್ಲ ಅಂತ ಬರೆದಿದ್ದೀಯ. ಅತ್ತೆ ಕೈಗೆ ಬೀಗದ ಕೈ ಹಿಡಿಸಿದರು, ಈರುಳ್ಳಿ ಮೂಸಿಸಿದರು. ಸ್ಕ್ಯಾನಿಂಗ್ ನಾರ್ಮಲ್ ಬಂತು, ಡಾಕ್ಟರು ಏನೂ ಇಲ್ಲ ಅಂದರು. ಅವತ್ತಿಂದ ಅತ್ತೆ ನಾಟಕ ಅಂತಾರೆ, ಅಜ್ಜಿ ಗಾಳಿ ಅಂತಾರೆ, ಅಪ್ಪ ಶ್ರಾವಣದಲ್ಲಿ ಮದುವೆ ಮಾಡಿಬಿಟ್ಟರೆ ಸರಿಹೋಗುತ್ತೆ ಅಂತಾರೆ.

ಅಮ್ಮ, ನಾಟಕ ಅನ್ನುವ ಮಾತು ಅವಳ ಕಿವಿಗೆ ಇನ್ನೊಂದು ಸಲ ಬೀಳಬಾರದು. ಇಲ್ಲಿ ಕೂತು ಕಾಯಿಲೆ ಇಂಥದ್ದೇ ಅಂತ ನಾನು ಹೇಳಲಾಗದು, ಡಾಕ್ಟರೇ ನೋಡಬೇಕು. ಆದರೆ ನೀನು ಬರೆದ ಲಕ್ಷಣಗಳು ಇರುವವರನ್ನು ನಮ್ಮ ನರರೋಗದ ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ. ಅಪಸ್ಮಾರದ ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತೆ, ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತೆ. ಮಿದುಳಿಗೂ ಮೈಗೂ ಹೊಂದಿಕೆ ತಪ್ಪಿ ಬರುವ ಡಿಸೋಸಿಯೇಟಿವ್ ಫಿಟ್ಸ್‌ನಲ್ಲಿ ಹೆಚ್ಚಾಗಿ ಕಣ್ಣು ಮುಚ್ಚಿರುತ್ತೆ, ತುಂಬಾ ಹೊತ್ತು ಎಳೆಯುತ್ತೆ. ಬೇಕು ಅಂತ ಯಾರೂ ತರಿಸಿಕೊಳ್ಳುವುದಿಲ್ಲ. ಸೆಟ್ ಕೆಟ್ಟಿಲ್ಲ, ಸ್ಟೇಷನ್ ಕೂತಿಲ್ಲ ಅಂತ ಅಪ್ಪ ರೇಡಿಯೋ ಬಗ್ಗೆ ಹೇಳುತ್ತಿದ್ದರಲ್ಲ, ಹಾಗೆ. ಸ್ಕ್ಯಾನಿಂಗ್ ಅಂದರೆ ಸೆಟ್ಟಿನ ಫೋಟೋ ತೆಗೆದ ಹಾಗೆ, ಅದರಲ್ಲಿ ಏನು ಕಾಣುತ್ತೆ?

ಹೋದ ವಾರ ಇದೇ ಥರದ ತೊಂದರೆಯಿಂದ ಬಲಗಾಲು ಬಾರದ ಒಬ್ಬರು ಬಂದಿದ್ದರು. ಹಿಮ್ಮಡಿ ಕೆಳಗೆ ಒತ್ತಿ ಅಂದರೆ ಬೆವರು ಬಂತೇ ಹೊರತು ಕಾಲು ಒತ್ತಲಿಲ್ಲ. ಡಾಕ್ಟರು ಆ ಹಿಮ್ಮಡಿಯ ಕೆಳಗೆ ಕೈಯಿಟ್ಟು, ಎಡಗಾಲು ಎತ್ತಿ ಅಂದರು. ಎಡಗಾಲು ಎತ್ತುತ್ತಿದ್ದ ಹಾಗೆ ಬಲಗಾಲು ತಾನಾಗಿ ಒತ್ತಿತು! 1908ರಲ್ಲಿ ಹೂವರ್ ಎನ್ನುವ ಡಾಕ್ಟರು ಬರೆದಿಟ್ಟ ಪರೀಕ್ಷೆ ಇದು. ಸಿಕ್ಕಿಬಿದ್ದಿರಿ ಅನ್ನಲಿಲ್ಲ ಅವರು. 'ನೋಡಿ, ಕಾಲಲ್ಲಿ ಶಕ್ತಿ ಇದೆ, ವಾಸಿಯಾಗುವ ದಾರಿ ಇದೆ' ಅಂದರು. ಆ ಮನುಷ್ಯ ಅತ್ತುಬಿಟ್ಟರು.

ನಮ್ಮ ಯಜಮಾನರು ಓದುವ ನೇಪಿಯರ್ ಯೂನಿವರ್ಸಿಟಿಯ ಕ್ರೇಗ್‌ಲಾಕ್‌ಹಾರ್ಟ್ ಕಟ್ಟಡ 1916ರಿಂದ 1919ರವರೆಗೆ ಶೆಲ್ ಶಾಕ್ ಆದ, ಅಂದರೆ ಯುದ್ಧದ ಆಘಾತಕ್ಕೆ ಮನಸ್ಸು ಕದಡಿದ, ಸೇನಾಧಿಕಾರಿಗಳ ಆಸ್ಪತ್ರೆಯಾಗಿತ್ತು. ಆ ಮೊದಲ ಮಹಾಯುದ್ಧದಲ್ಲಿ ಮೈಗೆ ಗಾಯವಿಲ್ಲದೆ ಮಾತು ನಿಂತವರು, ಕಾಲು ಸೋತವರು, ನಡುಕ ಹತ್ತಿದವರು ಎಷ್ಟೋ ಜನ. ಅವರನ್ನೂ ಹೇಡಿಗಳು, ನಾಟಕ ಅಂತ ಬೈದವರಿದ್ದರು. ಇಲ್ಲಿದ್ದ ಡಾಕ್ಟರ್ ರಿವರ್ಸ್ ಹಾಗನ್ನದೆ ಅಂಥವರನ್ನು ಕೂರಿಸಿಕೊಂಡು ಮಾತಾಡಿಸಿದರು. ಅವರು ಅದಕ್ಕೂ ಮೊದಲು ನಮ್ಮ ಬಂಡೀಪುರದ ಆಚೆಯ ನೀಲಗಿರಿಗೆ ಬಂದು ತೋಡರ ಬದುಕಿನ ಅಧ್ಯಯನ ಮಾಡಿದ್ದರು. ಗುಂಡ್ಲುಪೇಟೆಯವಳಾದ ನನಗೆ ಅದು ತಿಳಿದು ಎಷ್ಟು ಖುಷಿಯಾಯ್ತು ಗೊತ್ತಾ!

ಮದುವೆ ವಿಷಯ ಅಪ್ಪನಿಗೆ ನೀನೇ ಹೇಳು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ವೈದ್ಯರೂ ಇಂಥ ಹುಡುಗಿಯರಿಗೆ ಮದುವೆ ಮಾಡಿಸಿ ಅನ್ನುತ್ತಿದ್ದರು. ಅದು ಔಷಧಿ ಅಲ್ಲ. ನಿಶ್ಚಿತಾರ್ಥದ ಮಾತು ಬಂದ ಮೇಲೇ ಇದು ಶುರುವಾಗಿದ್ದು ಅಲ್ವಾ? ಅವಳಿಗೆ ಆ ಸಂಬಂಧ ಇಷ್ಟವಾ ಅಂತ ಯಾರಾದರೂ ಕೇಳಿದಿರಾ?

ಫಿಟ್ಸ್‌ಗಿಂತ ನನ್ನನ್ನು ಹೆದರಿಸಿದ್ದು ನೀನು ಕೊನೆಯಲ್ಲಿ ಸುಮ್ನೆ ಸೇರಿಸಿದ ಸಾಲು. ಊಟ ಬಿಟ್ಟಿದ್ದಾಳೆ, ನಿದ್ದೆ ಇಲ್ಲ, 'ನಾನಿದ್ದು ಏನು ಪ್ರಯೋಜನ' ಅಂತಾಳೆ. ಎರಡು ವಾರ ದಾಟಿ ಹೀಗೇ ಇದ್ದರೆ ಅದು ಖಿನ್ನತೆ ಇರಬಹುದು. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳು. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಜಾಗ ಸಿಗುತ್ತೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡ, ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಣ್ಣನಿಗೆ ಹೇಳಿ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಫಿಟ್ಸ್ ಬಂದಾಗ ಅಣ್ಣ ಮೊಬೈಲಲ್ಲಿ ವಿಡಿಯೋ ಮಾಡಲಿ, ಡಾಕ್ಟರಿಗೆ ಅದು ತುಂಬಾ ಉಪಯೋಗ. ಫಿಟ್ಸನ್ನೂ ಮಿದುಳಿನ ವಿದ್ಯುತ್ ಅಲೆಗಳನ್ನೂ ಒಟ್ಟಿಗೆ ದಾಖಲಿಸುವ ವಿಡಿಯೋ ಇಇಜಿ ಮಾಡುತ್ತಾರಾ ಅಂತ ಕೇಳಿ. ಕೆಲವರಿಗೆ ಅಪಸ್ಮಾರವೂ ಇರುತ್ತೆ, ಹಾಗಾಗಿ ಈಗಿನ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಬಿದ್ದಾಗ ಅದುಮಿ ಹಿಡಿಯಬೇಡಿ, ಬಾಯಿಗೆ ಏನೂ ಹಾಕಬೇಡಿ. ಸುತ್ತ ಚೂಪಾದ ವಸ್ತು ಇದ್ದರೆ ತೆಗೆಯಿರಿ, ಮೆತ್ತಗೆ ಮಾತಾಡಿಸಿ.

ನನ್ನ ಚಿಂತೆ ಮಾಡಬೇಡ. ರಾತ್ರಿ ಹತ್ತಾದರೂ ಇಲ್ಲಿ ಬೆಳಕು, ಪರದೆ ಎಳೆದು ಮಲಗುತ್ತೇವೆ. ಭಾನುವಾರ ಬಿಟ್ಟು ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಒಂದಕ್ಕೆ ಕೋಟೆಯಲ್ಲಿ ಫಿರಂಗಿ ಹಾರಿಸುತ್ತಾರೆ, ಪುಟ್ಟಿಗೂ ಅಭ್ಯಾಸವಾಗಿದೆ. ಡಾಕ್ಟರು ಬರೆದ ಮಾತ್ರೆಗೆ ಇಲ್ಲಿ ಒಂದು ಕಾಸು ಕೊಡುವ ಹಾಗಿಲ್ಲ. ಊಟ, ನಿದ್ದೆ ಎಲ್ಲ ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ.

ಸುಧಾ ವಾಸಿಯಾಗುತ್ತಾಳೆ ಅಮ್ಮ, ಇಂಥವರು ಎದ್ದು ಓಡಾಡಿದ್ದನ್ನು ನೋಡಿದ್ದೇನೆ. ಖರ್ಚಿಗೆ ಅಣ್ಣನ ಖಾತೆಗೆ ಹಾಕಿದ್ದೇನೆ. ಪುಟ್ಟಿಯ ಸ್ಕೂಲು ಬಿಡುವ ಹೊತ್ತಾಯ್ತು, ಹೊರಟೆ. ಬೆಂಗಳೂರಿಗೆ ಯಾವತ್ತು ಹೋಗುತ್ತೀರಿ ಅಂತ ನಾಳೆಯೇ ಮೆಸೇಜ್ ಹಾಕಿಸು.

ನಿನ್ನ
ಲತಾ